ರೈತನ ಮನೆಗೂ ಕೂಲಿಯೇ ಆಸರೆ

ಸಂಪಾದಕರೇ,

ದೇಶದ ಆದಾಯ ಏರಿದೆ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಅದರಲ್ಲಿ ಯಾರ ಪಾಲು ಎಷ್ಟು? 2023-24ರಲ್ಲೂ ದುಡಿಯುವವರಲ್ಲಿ ನೂರಕ್ಕೆ ಸುಮಾರು 46 ಮಂದಿ ಕೃಷಿಯಲ್ಲಿದ್ದರು. ಆದಾಯದಲ್ಲಿ ಕೃಷಿಯ ಪಾಲು ಮಾತ್ರ ಐದನೇ ಒಂದು ಭಾಗಕ್ಕಿಂತ ಕಡಿಮೆ.

2018-19ರ ಕೇಂದ್ರ ಸರ್ಕಾರದ ಸಮೀಕ್ಷೆ ನೋಡಿ. ರೈತ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಮತ್ತು ಸಂಬಳದಿಂದ ಬಂದದ್ದು 4,063. ಬೆಳೆಗಿಂತ ಕೂಲಿಯೇ ಜಾಸ್ತಿ, ಅಲ್ವಾ? ನಮ್ಮ ಪಕ್ಕದ ಮನೆಯವರಿಗೆ ಎರಡು ಎಕರೆ ಜಮೀನಿದೆ. ರಾಗಿ, ಜೊತೆಗೆ ಸ್ವಲ್ಪ ಟೊಮೆಟೊ. ಆ ಮನೆಯ ಅಕ್ಕ ಬೆಳಿಗ್ಗೆ ಆರೂವರೆಗೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ವ್ಯಾನ್ ಹತ್ತುತ್ತಾರೆ. ಗೊಬ್ಬರದ ಅಂಗಡಿಯ ಸಾಲ ತೀರುವುದು ಅವರ ಸಂಬಳದಲ್ಲೇ.

ಹಾಗಂತ ಕಾರ್ಖಾನೆಯಲ್ಲಿ ದುಡಿಯುವವರ ಪಾಲೂ ಬೆಳೆದಿಲ್ಲ. 1980ರ ದಶಕದ ಆರಂಭದಲ್ಲಿ ನೋಂದಾಯಿತ ಕಾರ್ಖಾನೆಗಳ ನಿವ್ವಳ ಗಳಿಕೆಯಲ್ಲಿ (ಕಚ್ಚಾ ವಸ್ತು, ಯಂತ್ರದ ಸವೆತ ಇತ್ಯಾದಿ ಖರ್ಚು ಕಳೆದು, ಕೂಲಿ ಕೊಡುವ ಮೊದಲು ಉಳಿಯುವ ಮೊತ್ತದಲ್ಲಿ) ಕಾರ್ಮಿಕರ ಕೂಲಿ ನೂರಕ್ಕೆ 30ರ ಹತ್ತಿರ ಇತ್ತು. ಮುಂದಿನ ಮೂರು ದಶಕಗಳಲ್ಲಿ ಅದು ಅರ್ಧಕ್ಕೂ ಕೆಳಗೆ ಇಳಿಯಿತು. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಹೆಚ್ಚಿತು, ನೌಕರರ ಸಂಖ್ಯೆ ಹೆಚ್ಚಿದ್ದು ಶೇ 1.5 ಮಾತ್ರ. ಇದನ್ನು ಹೇಳಿದ್ದು ಸರ್ಕಾರದ್ದೇ ಆರ್ಥಿಕ ಸಮೀಕ್ಷೆ.

ರೈತರು, ಕೂಲಿಕಾರರು, ಉದ್ಯಮ: ಈ ಮೂವರ ಪಾಲನ್ನು ಪ್ರತಿ ವರ್ಷ ಬಜೆಟ್ ಜೊತೆಗೇ, ಎಲ್ಲರಿಗೂ ಅರ್ಥವಾಗುವ ಒಂದೇ ಪುಟದಲ್ಲಿ ಪ್ರಕಟಿಸಲಿ. ಕನ್ನಡದಲ್ಲೂ ಕೊಡಲಿ.

– ರೈತರ ಮಗಳು, ಕೋಲಾರ ಜಿಲ್ಲೆ