ಆಫ್ರಿಕಾ ಪ್ರವಾಸ: ಸಾಮಗ್ರಿ ಆಯ್ಕೆಯಲ್ಲಿ ಎಚ್ಚರವಿರಲಿ

ಮಾನ್ಯರೇ,

ಟಾಂಜಾನಿಯಾ ದೇಶದ ಸೆರೆಂಗೆಟಿ ಸಫಾರಿ, ಕಿಲಿಮಂಜಾರೊ ಚಾರಣ, ಜಾಂಜಿಬಾರ್ ಕಡಲತೀರ ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಹೊರಡುವ ಕಲಬುರಗಿಯವರು ಬಿಸಿಲ ನಾಡಿನ ಅಂದಾಜಿನಲ್ಲಿ ಬಟ್ಟೆ ಕೊಳ್ಳಬಾರದು. ಕಿಲಿಮಂಜಾರೊದ 5,895 ಮೀಟರ್ ಎತ್ತರದ ಶಿಖರದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗಿಳಿಯುವುದರಿಂದ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿ ಬನಿಯನ್ ಬಿಟ್ಟು, ಉಣ್ಣೆಯ ಒಳಉಡುಪು, ಬೆಚ್ಚನೆಯ ಜಾಕೆಟ್, ಅದರ ಮೇಲೆ ಗಾಳಿ ಮಳೆ ತಡೆಯುವ ಕೋಟು ಧರಿಸುವುದೇ ಸರಿ. ಹೊಸ ಬೂಟುಗಳನ್ನಂತೂ ನೇರವಾಗಿ ಬೆಟ್ಟಕ್ಕೆ ಒಯ್ಯಲೇಬಾರದು. ವಾರಗಟ್ಟಲೆ ಮೊದಲೇ ದಪ್ಪ ಕಾಲುಚೀಲ ತೊಟ್ಟು ಅಪ್ಪನ ಕೆರೆಯ ಸುತ್ತ ನಡೆದು ಪಳಗಿಸಿಕೊಳ್ಳಬೇಕು, ಇಳಿಜಾರಿನಲ್ಲಿ ಬೆರಳು ತುದಿಗೆ ತಾಗದಷ್ಟು ಜಾಗವಿದೆಯೇ ಎಂದೂ ನೋಡಬೇಕು. ಸಫಾರಿಗೆ ಕಡುನೀಲಿ, ಕಪ್ಪು ಬಟ್ಟೆ ಬೇಡ. ಆ ಬಣ್ಣಗಳು ಕಚ್ಚಿ ರಕ್ತ ಹೀರುವ ತ್ಸೆತ್ಸೆ ನೊಣಗಳನ್ನು ಸೆಳೆಯುತ್ತವೆ. ಕಡಲತೀರಕ್ಕೆ ತೆಳು ಹತ್ತಿ ಬಟ್ಟೆ ಸಾಕು. ಟಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ. ಈ ವಿವರಗಳನ್ನು ಟ್ರಾವೆಲ್ಸ್‌ನವರು ಬುಕಿಂಗ್ ವೇಳೆಯೇ ಲಿಖಿತವಾಗಿ ಕೊಡಬೇಕೆಂದು ವಿನಂತಿ.

– ಓದುಗರೊಬ್ಬರು, ಕಲಬುರಗಿ