ಕಸದಿಂದ ರಸ ತೆಗೆಯೋಕೆ ಫ್ಯಾನ್ಸಿ ಸ್ಟೋರಿಗೆ ಯಾಕೆ ಹೋಗಬೇಕು?

ಸಂಪಾದಕರೇ,

ಶಾಲೆಗಳಲ್ಲಿ ‘ಕಸದಿಂದ ರಸ’ ಸ್ಪರ್ಧೆ ಶುರುವಾಯಿತೆಂದರೆ ಪಾಲಕರ ಜೇಬಿಗೆ ಕತ್ತರಿ ಬಿತ್ತು ಅಂತಲೇ ಲೆಕ್ಕ. ಮಗಳ ಪ್ರಾಜೆಕ್ಟಿಗೆ ನಮ್ಮ ಮನೆಯಿಂದ ಹೋದ ಕಸ ಅಂದರೆ ಒಂದು ಖಾಲಿ ನೀರಿನ ಬಾಟಲಿ. ಉಳಿದದ್ದೆಲ್ಲ ಅಂಗಡಿಯಿಂದಲೇ ಬರಬೇಕಿತ್ತು. ಥರ್ಮಾಕೋಲ್ ಶೀಟು, ಬಣ್ಣ, ಅಂಟು, ಮಿಂಚಿನ ಪುಡಿ, ಪ್ಲಾಸ್ಟಿಕ್ ಮಣಿ. ಅದು ಒಂದಷ್ಟು ದಿನ ಶಾಲೆಯ ಕಪಾಟಿನ ಮೇಲೆ ಕೂತಿತ್ತು, ಆಮೇಲೆ ಕಸದ ಗಾಡಿಗೆ ಹೋಯಿತು. ಬಹುಮಾನವೂ ಬಂತು ಅನ್ನಿ.

ಸಿಟ್ಟು ಬರೋದು ಖರ್ಚಿಗಲ್ಲ. ಬಾಟಲಿಯನ್ನು ಸುಮ್ನೆ ಹಾಗೇ ಬಿಟ್ಟರೆ ಗುಜರಿಯವರು ತೂಕಕ್ಕೆ ಹಾಕಿಕೊಂಡು ಒಯ್ಯುತ್ತಾರೆ, ಅದು ಮುಂದೆ ಎಲ್ಲೋ ಕರಗಿ ಪಾಲಿಸ್ಟರ್ ನೂಲಾಗುತ್ತದೆ. ಬಣ್ಣ ಬಳಿದು, ಅಂಟು ಮೆತ್ತಿ, ಮಿಂಚು ಉದುರಿಸಿದ್ದನ್ನು ಯಾರು ತಗೋತಾರೆ? ಮಾರಾಟವಾಗುವ ಮಾಲನ್ನು ಕೂತು ಕಸ ಮಾಡಿದ ಹಾಗಾಯಿತು. ಇನ್ನು ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ. ಪರಿಸರದ ಹೆಸರಿನ ಸ್ಪರ್ಧೆಗೆ ಮಾತ್ರ ಅದೇ ಬೇಕು!

ನಮ್ಮ ಕಡೆ ಕೌದಿ, ಅಂದರೆ ಹಳೇ ಬಟ್ಟೆಯ ಹೊದಿಕೆ, ಹೊಲಿಯುವವರು ಕಸದಿಂದ ರಸ ತೆಗೆಯೋದನ್ನು ಯಾವ ಸ್ಪರ್ಧೆಯೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಒಳಗೆ ಸವೆದ ಧೋತ್ರ, ಹಳೇ ಸೀರೆಯ ಪದರು, ಮೇಲೆ ಇನ್ನೂ ಗಟ್ಟಿ ಇರುವ ತುಂಡುಗಳು. ಹೊಸ ಬಟ್ಟೆಯಲ್ಲಿ ಕೌದಿ ಬಿರುಸಾಗುತ್ತದೆ, ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯಲ್ಲೇ ಸೂಜಿ ಸಲೀಸಾಗಿ ಇಳಿಯೋದು. ಸಿಂಥೆಟಿಕ್ ಸೀರೆ ಜಾರುತ್ತದೆ, ಬೆವರೂ ಹೀರುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿಯನ್ನು ಹತ್ತಿರದಿಂದ ನೋಡಿ. ಹೊಲಿಗೆ ಅಂಚಿನಿಂದ ಶುರುವಾಗಿ ನಾಲ್ಕೂ ಬದಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತದೆ. ಕಡೆಗೆ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆ ಕೂರಿಸುತ್ತಾರೆ, ಅದಕ್ಕೆ ‘ಫುಲಾ’ ಅಂತಾರೆ, ಅದಿಲ್ಲದೆ ಕವಂದಿ ಮುಗಿದ ಹಾಗಲ್ಲ. ಈಗ ಇದನ್ನೇ ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕಿ ಕಲೆ ಅಂತಾರೆ. ಇರಲಿ, ಹೊಲಿದವರ ಕೈಗೆ ನಾಲ್ಕು ದುಡ್ಡು ಬಂದರೆ ಒಳ್ಳೇದೇ.

ನಿಮ್ಮ ಪತ್ರಿಕೆಯನ್ನೇ ತಗೊಳ್ಳಿ. ಹಿಂದೆ ಹಳೇ ಕಾಗದವನ್ನು ನೆನೆಹಾಕಿ, ನೆನೆದ ಮೆಂತ್ಯದ ಜೊತೆ ರುಬ್ಬಿ, ಬಿದಿರಿನ ಮೊರಕ್ಕೂ ಬುಟ್ಟಿಗೂ ಬಳಿಯುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟು. ಸಂದು ಮುಚ್ಚಿ ಸಣ್ಣ ಕಾಳು ಸೋರುತ್ತಿರಲಿಲ್ಲ, ಕಹಿಗೆ ಹುಳವೂ ಹತ್ತಿರ ಬರುತ್ತಿರಲಿಲ್ಲ. ಅದೇ ಹಿಟ್ಟನ್ನು ಬೋರಲು ಹಾಕಿದ ಬಟ್ಟಲಿನ ಮೇಲೆ ತಟ್ಟಿ ಬಿಸಿಲಿಗಿಟ್ಟರೆ ಮಕ್ಕಳಿಗೂ ಒಂದು ಬಟ್ಟಲು ಆಗುತ್ತದೆ. ಅಡಿಯ ಬಟ್ಟಲಿಗೆ ಸ್ವಲ್ಪ ಎಣ್ಣೆ ಸವರೋದು ಮರೆಯಬಾರದು, ಇಲ್ಲದಿದ್ದರೆ ಬಿಡಿಸೋಕೆ ಬರಲ್ಲ. ಮಸಿಯ ಪೇಪರಾದ್ದರಿಂದ ತಿನ್ನೋ ಪದಾರ್ಥಕ್ಕೆ ಬೇಡ, ಪೆನ್ಸಿಲ್ಲು, ಸೂಜಿ-ದಾರ ಇಡೋಕೆ ಸಾಕಲ್ವಾ? ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಒಂದು ಬದಿ ಹೊಲಿದರೆ ಸಂತೆ ಚೀಲವಂತೂ ಗ್ಯಾರಂಟಿ.

ಮಕ್ಕಳ ಕೈಗೆ ಸೂಜಿ ಕೊಡೋದು ಹೇಗೆ ಅಂತ ಶಿಕ್ಷಕರು ಕೇಳಬಹುದು. ಈಗಲೂ ಆ ಪ್ರಾಜೆಕ್ಟ್ ಮಾಡೋದು ರಾತ್ರಿ ಕೂತು ಅಪ್ಪ-ಅಮ್ಮ, ಬಿಸಿ ಅಂಟಿನ ಗನ್ ಹಿಡಿದು ಬೆರಳು ಸುಟ್ಟುಕೊಳ್ಳೋದೂ ನಾವೇ. ಕ್ಲಾಸಿನಲ್ಲೇ, ಟೀಚರ ಕಣ್ಣೆದುರು, ನೇರ ಹೊಲಿಗೆ ಹಾಕೋದನ್ನು ನಾಲ್ಕನೇ ಇಯತ್ತೆಯ ಮಕ್ಕಳು ಕಲಿಯುತ್ತಾರೆ. ಊರಿನಲ್ಲಿ ಕೌದಿ ಹೊಲಿಯುವ ಅಜ್ಜಿಯೊಬ್ಬರನ್ನು ಕರೆಸಿ. ಶಾಲು ಹೊದಿಸಿ ಫೋಟೋ ತೆಗೆದು ಕಳಿಸೋದಲ್ಲ, ದಿನದ ಕೂಲಿ ಕೊಡಿ.

ಸೂಜಿ-ದಾರ ಬಿಟ್ಟು ಏನೂ ಹೊಸದಾಗಿ ಕೊಳ್ಳಬಾರದು, ಮಾಡಿದ್ದು ಮನೆಯಲ್ಲಿ ಬಳಕೆಗೆ ಬರಬೇಕು ಅಂತ ಶಾಲೆಗಳು ನಿಯಮ ಮಾಡಲಿ. ನೀವೂ ಬಹುಮಾನದ ಫೋಟೋ ಹಾಕುವಾಗ, ಅದಕ್ಕೆ ಅಂಗಡಿಯಲ್ಲಿ ಎಷ್ಟು ಖರ್ಚಾಯಿತು ಅಂತ ಮಕ್ಕಳನ್ನೇ ಕೇಳಿ ಕೆಳಗೆ ಅಚ್ಚು ಹಾಕಿ.

– ಒಬ್ಬ ಪಾಲಕಿ, ಧಾರವಾಡ