ಮುಂದಿನ ಮಾಸ್ಟರ್ ಪ್ಲಾನ್: ಈಗಲೇ ತಯಾರಾಗೋಣ

ಎಲ್ಲರಿಗೂ ನಮಸ್ಕಾರ.

ಊರಿನ ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಯೋಜನೆಯೇ ಮಾಸ್ಟರ್ ಪ್ಲಾನ್. ಬೆಂಗಳೂರಿನ 2015ರವರೆಗಿನ ಮಾಸ್ಟರ್ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅದರ ಗಡುವು ಮುಗಿದ ಮೇಲೂ ವರ್ಷಗಟ್ಟಲೆ ಊರು ಅದರ ಮೇಲೇ ನಡೆದಿದೆ. 2031ರವರೆಗಿನ ಪ್ಲಾನ್‌ನ ಕರಡನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) 2017ರ ನವೆಂಬರ್‌ನಲ್ಲಿ ಹೊರತಂದಿತು. ಸಾವಿರಾರು ಆಕ್ಷೇಪಣೆ ಬಂದವು. 2020ರಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು.

ಹೊಸ ಕರಡು ಬಂದಾಗ ಆಕ್ಷೇಪಣೆಗೆ ಸಿಗುವ ಸಮಯ ಕಡಿಮೆ. ಆಗ ಓಡಾಡುವುದಕ್ಕಿಂತ ಈಗಲೇ ನಮ್ಮ ಬಡಾವಣೆಯ ಪಟ್ಟಿ ಮಾಡಿಕೊಳ್ಳೋಣ. ಕೆರೆ, ರಾಜಕಾಲುವೆ, ಪಾರ್ಕ್, ಆಟದ ಮೈದಾನ ಎಲ್ಲಿವೆ? ಸರ್ವೆ ನಂಬರ್ ಏನು? ಈಗಿನ ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ ಹಚ್ಚಿದ್ದಾರೆ? ಹಳದಿ ಅಂದರೆ ವಸತಿ, ಹಸಿರು ಅಂದರೆ ಪಾರ್ಕ್ ಮತ್ತು ಬಯಲು. ರಸ್ತೆ ಅಗಲೀಕರಣದ ಗೆರೆ ಯಾರ ಮನೆ ಮೇಲೆ ಹಾದಿದೆ ಅನ್ನುವುದನ್ನೂ ನೋಡಿ. ಫೋಟೋ ಜೊತೆಗಿರಲಿ.

"ಪ್ಲಾನ್ ಸರಿಯಿಲ್ಲ" ಅಂತ ಸುಮ್ನೆ ಬರೆದರೆ ಪ್ರಯೋಜನ ಇಲ್ಲ. ಇಂಥ ಸರ್ವೆ ನಂಬರ್, ಇಂಥ ಬದಲಾವಣೆ ಬೇಕು, ಕಾರಣ ಇದು ಅಂತ ಬರೆಯಬೇಕು. ಸ್ವೀಕೃತಿ ಪತ್ರ ಪಡೆಯಲೇಬೇಕು.

ಇನ್ನೊಂದು ಮಾತು. ಸಂವಿಧಾನದ 1992ರ 74ನೇ ತಿದ್ದುಪಡಿ ಪ್ರಕಾರ ಮಹಾನಗರ ಪ್ರದೇಶದ ಕರಡು ಯೋಜನೆ ಮಾಡಬೇಕಾದ್ದು ಮಹಾನಗರ ಯೋಜನಾ ಸಮಿತಿ. ಅದರಲ್ಲಿ ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ಪಾಲಿಕೆ, ನಗರಸಭೆಗಳ ಚುನಾಯಿತರು ಮತ್ತು ಪಂಚಾಯಿತಿಗಳ ಅಧ್ಯಕ್ಷರೇ ತಮ್ಮೊಳಗಿಂದ ಆರಿಸಬೇಕು. ಅಂದರೆ ಅವರು ನಾವು ಪ್ರಶ್ನೆ ಕೇಳಬಹುದಾದವರು ಅಲ್ವಾ? ವೋಟು ಕೇಳಲು ಬಂದವರ ಹತ್ತಿರ ಇದನ್ನು ಎತ್ತಿ.

ನಕ್ಷೆ ಓದಲು ಬರುವವರು, ಹಳೇ ಗ್ರಾಮ ನಕ್ಷೆ ಇಟ್ಟುಕೊಂಡಿರುವ ಹಿರಿಯರು ದಯವಿಟ್ಟು ಇಲ್ಲೇ ತಿಳಿಸಿ.